581401 ಅವಿಭಾಜ್ಯವೇ? ಶಿರಸಿ, ಕಾರವಾರ ಪಿನ್‌ಕೋಡ್‌ಗಳ ಲೆಕ್ಕ

ಪ್ರಶ್ನೆ (ಶಿರಸಿಯಿಂದ)
ಹೈಸ್ಕೂಲು ಮಕ್ಕಳ ಗಣಿತ ಸಂಘಕ್ಕೆ ಜಿಲ್ಲೆಯ ಪಿನ್‌ಕೋಡ್‌ಗಳನ್ನೇ ಲೆಕ್ಕವಾಗಿ ಕೊಡುವ ವಿಚಾರವಿದೆ. ಶಿರಸಿಯದು 581401. 97ರವರೆಗಿನ ಯಾವ ಅವಿಭಾಜ್ಯದಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಅವಿಭಾಜ್ಯ ಎಂದು ಬರೆಸಬಹುದೇ? ಕಾರವಾರದ 581301 ಯಾವ ಬಗೆಯದು?

ಕುಮಟಾದಿಂದ
ಬರೆಸಬೇಡಿ ಮಾರಾಯ್ರೆ. 97ಕ್ಕೆ ನಿಲ್ಲಿಸುವುದು 10201ಕ್ಕಿಂತ ಚಿಕ್ಕ ಸಂಖ್ಯೆಗೆ ಮಾತ್ರ ಸರಿ, ಏಕೆಂದರೆ ಮುಂದಿನ ಅವಿಭಾಜ್ಯ 101, ಅದರ ವರ್ಗ 10201. ಇಲ್ಲಿ 762² = 580644, 763² = 582169. ಹಾಗಾಗಿ 761ರ ತನಕ ಒಟ್ಟು 135 ಅವಿಭಾಜ್ಯಗಳನ್ನು ನೋಡಬೇಕು. 82ನೆಯದಕ್ಕೆ ಸಿಕ್ಕಿಬೀಳುತ್ತದೆ:

581401 = 421 × 1381

ಎರಡೂ ಅವಿಭಾಜ್ಯಗಳೇ. ಮೊದಮೊದಲು ಏನೂ ಸಿಗದಿರಲು ಕಾರಣವೂ ಇದೆ. ಒಂದು ಕಡಿಮೆ ಮಾಡಿ ನೋಡಿ: 581400 = 2³ × 3² × 5² × 17 × 19. ಅಂದಮೇಲೆ ಈ ಐದರಿಂದಲೂ 581401ಕ್ಕೆ ಶೇಷ 1 ಉಳಿಯಲೇಬೇಕು.

ಕಾರವಾರದಿಂದ
ನಮ್ಮದು ಸುಲಭ. ಅಂಕಿಗಳ ಮೊತ್ತ 18, ಆದ್ದರಿಂದ 9ರಿಂದ ಭಾಗವಾಗುತ್ತದೆ: 64589. ಅದನ್ನು 7ರಿಂದ ಭಾಗಿಸಿದರೆ 9227. 97² = 9409 ಆದ್ದರಿಂದ 89ರವರೆಗೆ ನೋಡಿದರೆ ಸಾಕು; ಏನೂ ಸಿಗುವುದಿಲ್ಲ, 9227 ಅವಿಭಾಜ್ಯ. 581301 = 3² × 7 × 9227. ಒಟ್ಟು 12 ಭಾಜಕಗಳು. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 378411, ಸಂಖ್ಯೆಗಿಂತ ಕಡಿಮೆ. ಹಾಗಾಗಿ ಇದು ಕೊರತೆಯ ಸಂಖ್ಯೆ.

ಮಕ್ಕಳು ಎಡವುವ ಜಾಗ ಇನ್ನೊಂದು. 4ರಿಂದ ಭಾಗಿಸಿದರೆ ಶೇಷ 1 ಬರುತ್ತದೆ ಎಂದು ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಕೂರುತ್ತಾರೆ. ಆಗದು. 7 ಮತ್ತು 9227 ಎರಡಕ್ಕೂ ಶೇಷ 3, ಎರಡೂ ಒಂದೊಂದೇ ಸಲ ಬಂದಿವೆ. ಅಂಥ ಅವಿಭಾಜ್ಯದ ಘಾತ ಬೆಸವಾದರೆ ದಾರಿ ಮುಚ್ಚಿದಂತೆಯೇ.

ಹೊನ್ನಾವರದಿಂದ
ಅದೇ ನಿಯಮ ಶಿರಸಿಗೆ ಅನುಕೂಲ. 421, 1381 ಎರಡಕ್ಕೂ ಶೇಷ 1. 421 = 15² + 14², 1381 = 34² + 15². ಗುಣಿಸಿದಾಗ ಎರಡು ರೂಪ ಬರುತ್ತವೆ:

581401 = 701² + 300² = 720² + 251²

ಎಷ್ಟು ಚೆಂದ ನೋಡಿ! ಮಕ್ಕಳಿಗೆ ಈ ಸಾಲನ್ನಷ್ಟೇ ಕೊಟ್ಟು ಅಪವರ್ತನ ಹುಡುಕಲು ಹೇಳಿ. ಆಯ್ಲರ್ ವಿಧಾನ: ಬೆಸವನ್ನು ಬೆಸದಿಂದ, ಸಮವನ್ನು ಸಮದಿಂದ ಕಳೆಯಿರಿ. 701 − 251 = 450, 720 − 300 = 420. ಇವುಗಳ ಮ.ಸಾ.ಅ. 30. ಭಾಗಿಸಿದರೆ 15 ಮತ್ತು 14. 15² + 14² = 421. ಬೆಸದಿಂದ ಸಮ ಕಳೆದರೆ ಮಾತ್ರ ಲೆಕ್ಕ ಕೆಡುತ್ತದೆ.

ಶಿರಸಿಯಿಂದ
ಧನ್ಯವಾದ. ಕಾಗದದ ಮೇಲೆ ಮೊದಲ ದಿನ ಯಾವುದನ್ನು ಕೊಡಲಿ?

ಕುಮಟಾದಿಂದ
ಕುಮಟಾದ್ದು, 581343 = 3 × 7 × 19 × 31 × 47. ಎಲ್ಲವೂ 50ರೊಳಗೆ, ಒಂದೂ ಎರಡು ಸಲ ಬಂದಿಲ್ಲ, ಭಾಜಕಗಳು 32. ಆಮೇಲೆ ಕಾರವಾರ. ಶಿರಸಿಯದನ್ನು ವರ್ಗಮೂಲದ ಮಿತಿ ತಲೆಗೆ ಹತ್ತಿದ ಮೇಲೆ ಕೊಡಿ.