ಕಾಸ್ಟ್ ಐರನ್ ಬುಲೆಟ್ 350: ಇಂಜಿನ್, ಪ್ರೈಮರಿ, ಗೇರ್‌ಬಾಕ್ಸ್, ಯಾವುದಕ್ಕೆ ಯಾವ ಆಯಿಲ್?

ಬಲಗಾಲ್_ಗೇರ್:

ನಮಸ್ಕಾರ. ಗಾಡಿ 1996ರ ಬುಲೆಟ್ ಸ್ಟ್ಯಾಂಡರ್ಡ್ 350. ಕಾಸ್ಟ್ ಐರನ್ ಇಂಜಿನ್, 4 ಸ್ಪೀಡ್, ಗೇರ್ ಬಲಗಾಲಿಗೆ. ಬಹಳ ತಿಂಗಳಿಂದ ಶೆಡ್ಡಲ್ಲೇ ನಿಂತಿದೆ. ಈಗ ಇಂಜಿನ್, ಪ್ರೈಮರಿ (ಇಂಜಿನ್ನಿಂದ ಕ್ಲಚ್ಚಿಗೆ ಹೋಗೋ ಚೈನಿನ ಕೇಸು), ಗೇರ್‌ಬಾಕ್ಸ್, ಮೂರೂ ಕಡೆ ಹೊಸ ಆಯಿಲ್ ಹಾಕಬೇಕು. ಕೇಳಿದಲ್ಲೆಲ್ಲ ಒಂದೊಂದು ಮಾತು. ಮೂರಕ್ಕೂ 20ಡಬ್ಲ್ಯು-50 ಸಾಕು ಅಂತ ಒಬ್ಬ ಮೆಕ್ಯಾನಿಕ್. ಗೇರ್‌ಬಾಕ್ಸಿಗೆ ಗ್ರೀಸ್ ತುಂಬಿಬಿಡಿ, ಲೀಕೇ ಇರಲ್ಲ ಅಂತ ಇನ್ನೊಬ್ಬರು. ಅಂಗಡಿಯವರು ಕಾರಿನ 10ಡಬ್ಲ್ಯು-30 ಫುಲ್ ಸಿಂಥೆಟಿಕ್ ತಂದು ಮುಂದಿಟ್ಟರು.

ಇನ್ನೂ ಎರಡು ವಿಷಯ ಇದೆ. ಡಿಪ್‌ಸ್ಟಿಕ್ಕಲ್ಲಿ ಆಯಿಲೇ ಕಾಣ್ತಿಲ್ಲ, ಆದರೆ ನೆಲದ ಮೇಲೆ ಸುರಿದ ಗುರುತೂ ಇಲ್ಲ. ಮತ್ತೆ, ನಿಲ್ಲಿಸೋ ಮುಂಚೆ ಏರಿನಲ್ಲಿ ಕ್ಲಚ್ ಜಾರ್ತಿತ್ತು. ಯಾವ ಗ್ರೇಡ್, ಎಷ್ಟೆಷ್ಟು, ಗೊತ್ತಿರೋರು ತಿಳಿಸಿ.

ಪುಶ್‌ರಾಡ್:

ಡಿಪ್‌ಸ್ಟಿಕ್ ಒಣಗಿದೆ ಅಂತ ಮೇಲಿಂದ ಆಯಿಲ್ ಸುರೀಬೇಡಿ. ಸ್ಟಾರ್ಟ್ ಮಾಡೋಕೂ ಹೋಗಬೇಡಿ. ಆಯಿಲ್ ಎಲ್ಲೂ ಹೋಗಿಲ್ಲ, ಒಳಗೇ ಇದೆ.

ಈ ಇಂಜಿನ್ನಲ್ಲಿ ಆಯಿಲ್ ಟ್ಯಾಂಕ್ ಕ್ರ್ಯಾಂಕ್‌ಕೇಸಿನ ಹಿಂಭಾಗದಲ್ಲೇ ಸೇರಿಕೊಂಡಿದೆ. ಗಾಡಿ ವಾರಗಟ್ಟಲೆ ನಿಂತರೆ ಆಯಿಲ್ ಪಂಪಿನ ಸಂದಿಯಿಂದ ಜಿನುಗಿ ಫ್ಲೈವೀಲ್ ಇರುವ ಸಂಪಿಗೆ ಇಳಿಯುತ್ತೆ. ಹಾಗಾಗಿ ಡಿಪ್‌ಸ್ಟಿಕ್ ಖಾಲಿ ತೋರಿಸುತ್ತೆ. ಅದನ್ನು ನಂಬಿ ಇನ್ನೊಂದು ಲೀಟರ್ ಹಾಕಿ ಕಿಕ್ ಹೊಡೆದರೆ ಫ್ಲೈವೀಲ್ ಆಯಿಲಲ್ಲಿ ಮುಳುಗಿ ತಿರುಗುತ್ತೆ. ಬ್ರೀದರ್ ಪೈಪಿಂದ ಆಯಿಲ್ ಚಿಮ್ಮುತ್ತೆ, ಸೈಲೆನ್ಸರಿಂದ ಬಿಳಿ-ನೀಲಿ ಹೊಗೆ ಬರುತ್ತೆ. ಆಮೇಲೆ "ರಿಂಗ್ ಹೋಗಿದೆ, ಬೋರ್ ಮಾಡಿಸಿ" ಅನ್ನೋ ಸಲಹೆ ಪುಕ್ಕಟೆ ಸಿಗುತ್ತೆ.

ಇಂಜಿನ್ ಕೆಳಗೆ ಎರಡು ಡ್ರೇನ್ ಪ್ಲಗ್ ಇವೆ, ಒಂದು ಟ್ಯಾಂಕಿನದು, ಇನ್ನೊಂದು ಸಂಪಿನದು. ಎರಡನ್ನೂ ಬಿಚ್ಚಿ. ನಿಮ್ಮ ಗಾಡಿಯಲ್ಲಿ ಸಂಪಿಂದಲೇ ಹೆಚ್ಚು ಬರುತ್ತೆ. ಸ್ಪಾರ್ಕ್ ಪ್ಲಗ್ ತೆಗೆದು ನಿಧಾನಕ್ಕೆ ನಾಲ್ಕಾರು ಕಿಕ್ ತುಳಿದರೆ ಉಳಿದದ್ದೂ ಇಳಿಯುತ್ತೆ. ಫಿಲ್ಟರ್ ಬಲಗಡೆ ಟೈಮಿಂಗ್ ಕವರಿನೊಳಗೆ ಇರೋ ಫೆಲ್ಟಿನದು. ಬಿಚ್ಚುವಾಗ ಸ್ಪ್ರಿಂಗ್, ವಾಷರ್ ಯಾವ ಕ್ರಮದಲ್ಲಿ ಕೂತಿವೆ ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ಕ್ರಮ ತಪ್ಪಿದರೆ ಆಯಿಲ್ ಫಿಲ್ಟರನ್ನು ಬಿಟ್ಟು ಪಕ್ಕದಿಂದ ಹಾಯುತ್ತೆ, ಅಥವಾ ದಾರಿಯೇ ಕಟ್ಟಿಕೊಳ್ಳುತ್ತೆ. ಬಿಗ್ ಎಂಡಿಗೆ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರೋ ಕೆಳತುದಿಗೆ) ಹೋಗೋ ಆಯಿಲ್ ಈ ಫಿಲ್ಟರ್ ದಾಟಿಯೇ ಹೋಗಬೇಕು ಅನ್ನೋದು ನೆನಪಿರಲಿ.

ಗ್ರೇಡ್ ವಿಷಯ. ಮಿನರಲ್ 20ಡಬ್ಲ್ಯು-50 ತಗೊಳ್ಳಿ, ಎಪಿಐ ಎಸ್‌ಜಿ ಅಥವಾ ಎಸ್‌ಎಲ್ (ಆಯಿಲಿನ ಗುಣಮಟ್ಟದ ದರ್ಜೆ), ಜಾಸೋ ಎಂಎ (ಆಯಿಲಲ್ಲಿ ಓಡೋ ಬೈಕ್ ಕ್ಲಚ್ಚಿಗೆ ಹೊಂದುತ್ತೆ ಅನ್ನೋ ಗುರುತು) ಅಂತ ಡಬ್ಬದ ಮೇಲಿರಲಿ. ಈ ಇಂಜಿನ್ನಿನ ಬಿಗ್ ಎಂಡಲ್ಲಿ ರೋಲರ್ ಬೇರಿಂಗ್ ಇಲ್ಲ, ಫ್ಲೋಟಿಂಗ್ ಬುಷ್ ಇದೆ. ಬುಷ್ ತೇಲೋದೇ ಆಯಿಲ್ ಪದರದ ಮೇಲೆ. ಕಾದ ಮೇಲೆ ತೆಳ್ಳಗಾಗೋ 10ಡಬ್ಲ್ಯು-30 ಹಾಕಿ ಬಯಲುಸೀಮೆ ಬೇಸಿಗೆಯಲ್ಲಿ 80ರ ಮೇಲೆ ಎಳೆದರೆ ಆ ಪದರ ಒಡೆಯುತ್ತೆ, ಬಿಗ್ ಎಂಡ್ ಸದ್ದು ಶುರುವಾಗುತ್ತೆ. '20ಡಬ್ಲ್ಯು' ಚಳಿಗೆ ದಪ್ಪ ಆಗಲ್ವಾ ಅಂತ ಕೇಳೋರಿದ್ದಾರೆ. ಆ ಅಂಕಿಯ ಪರೀಕ್ಷೆ ನಡೆಯೋದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಮಡಿಕೇರಿಯ ಡಿಸೆಂಬರಿಗೂ ಆ ಚಿಂತೆ ಬೇಡ.

ಹೊಸ ಆಯಿಲಲ್ಲಿ ಜಿಂಕ್ ಕಡಿಮೆ, ಕ್ಯಾಮ್ ಸವೆಯುತ್ತೆ ಅನ್ನೋ ಭಯವೂ ಓಡಾಡ್ತಿದೆ. ಸವೆತ ತಡೆಯೋ ಜಿಂಕ್ ರಂಜಕದ ಜೊತೆ ಒಂದೇ ಸಂಯುಕ್ತವಾಗಿ ಆಯಿಲಿಗೆ ಸೇರುತ್ತೆ, ಹಾಗಾಗಿ ರಂಜಕಕ್ಕೆ ಮಿತಿ ಹಾಕಿದರೆ ಜಿಂಕೂ ಇಳಿಯುತ್ತೆ. ಆ ಮಿತಿ 0ಡಬ್ಲ್ಯು-20ರಿಂದ 10ಡಬ್ಲ್ಯು-30ವರೆಗಿನ ತೆಳು ಆಯಿಲ್‌ಗಳಿಗೆ ಹಾಕಿದ್ದು. 20ಡಬ್ಲ್ಯು-50ಗೆ ಅದು ಅನ್ವಯಿಸಲ್ಲ.

ಒಟ್ಟು ಪ್ರಮಾಣ ಸುಮಾರು 2.25 ಲೀಟರ್. ಮೊದಲು 2 ಲೀಟರ್ ಹಾಕಿ. ಸ್ಪಾರ್ಕ್ ಪ್ಲಗ್ ಇಲ್ಲದೆಯೇ ಇನ್ನೊಂದಷ್ಟು ಕಿಕ್ ತುಳಿದು ಪಂಪಿಗೆ ಆಯಿಲ್ ಹಿಡಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಐಡಲಲ್ಲಿ ರಾಕರಿಗೆ ಹೋಗೋ ಪೈಪಿನ ಬ್ಯಾಂಜೋ ಬೋಲ್ಟನ್ನು ಹೆಡ್ಡಿನ ಬಳಿ ಸ್ವಲ್ಪ ಸಡಿಲಿಸಿ. ಆಯಿಲ್ ಜಿನುಗಿದರೆ ಸರಿ. ಒಂದು ನಿಮಿಷ ಕಳೆದರೂ ಜಿನುಗದಿದ್ದರೆ ತಕ್ಷಣ ಆಫ್ ಮಾಡಿ. ಜಿನುಗಿದರೆ ಬೋಲ್ಟ್ ಬಿಗಿಮಾಡಿ, ನಾಲ್ಕೈದು ನಿಮಿಷ ಓಡಿಸಿ ನಿಲ್ಲಿಸಿ, ಆಗ ಡಿಪ್‌ಸ್ಟಿಕ್ ನೋಡಿ ಉಳಿದದ್ದು ತುಂಬಿ. ಇಷ್ಟು ದಿನ ನಿಂತ ಗಾಡಿಗೆ ಈ ಮೊದಲ ಆಯಿಲ್ ತೊಳೆಯೋಕೆ ಹಾಕಿದ್ದು ಅಂದುಕೊಳ್ಳಿ. 500 ಕಿ.ಮೀ.ಗೆ ಬದಲಿಸಿ, ಆಮೇಲೆ 2,500ಕ್ಕೊಮ್ಮೆ ಸಾಕು.

ಹುಬ್ಬಳ್ಳಿ_ಗ್ಯಾರೇಜ್:

ಗೇರ್‌ಬಾಕ್ಸಿಂದು ನಾ ಹೇಳ್ತೀನ್ರಿ. ಗ್ರೀಸ್ ಅನ್ನೋದು ಪೂರ್ತಿ ಸುಳ್ಳಲ್ಲ, ಆದ್ರ ಯಾವ ಗ್ರೀಸ್ ಅನ್ನೋದರಾಗ ಎಲ್ಲಾ ಐತಿ. ಇದು ಆಲ್ಬಿಯನ್ (ಹಳೇ ಬ್ರಿಟಿಷ್ ಗೇರ್‌ಬಾಕ್ಸ್ ಕಂಪನಿ) ನಮೂನಿ ಹಳೇ ಬಾಕ್ಸ್. ಸ್ಲೀವ್ ಗೇರ್ (ಚೈನ್ ಸ್ಪ್ರಾಕೆಟ್ ಕೂಡೋ ಗೇರ್) ಕಡೆ ಈಗಿನ ಗಾಡಿಗಳಂಗ ಗಟ್ಟಿ ಸೀಲಿಂಗ್ ಇಲ್ಲ. ತೆಳು ಆಯಿಲ್ ಹಾಕಿದ್ರ ಸ್ಪ್ರಾಕೆಟ್ ಹಿಂದಿನಿಂದ ಸೋರತೈತಿ. ಅದಕ್ಕ ಹಿಂದಿನವರು ಮೆತ್ತನ್ನ ಗ್ರೀಸ್ ಹಾಕ್ತಿದ್ರು.

ಈಗ ಆಗೋದೇನಂದ್ರ, ವ್ಹೀಲ್ ಬೇರಿಂಗಿಗೆ ಹಾಕೋ ನಂಬರ್ 3 ಗ್ರೀಸ್ ತಂದು ತುಂಬಿಬಿಡ್ತಾರ. ಅದು ಹರಿಯೂದಿಲ್ರಿ. ಗೇರ್ ತಿರುಗಿದಾಗ ತನಗ ಬೇಕಾದಷ್ಟು ಜಾಗ ಕೊರ್ಕೊಂಡು, ಗ್ರೀಸ್ ಎರಡೂ ಕಡೆ ಗ್ವಾಡಿ ಹಂಗ ನಿಂತುಬಿಡತೈತಿ. ಬಾಕ್ಸ್ ತುಂಬಿದ್ರೂ ಲೇಶಾಫ್ಟಿನ (ಬಾಕ್ಸಿನೊಳಗಿನ ಎರಡನೇ ಶಾಫ್ಟಿನ) ಬುಷ್ ಒಣಾ. ಹಾಕೋದಾದ್ರ ಎನ್‌ಎಲ್‌ಜಿಐ (ಗ್ರೀಸಿನ ಗಟ್ಟಿತನದ ಅಳತಿ) 00 ಗ್ರೀಸ್ ಹಾಕ್ರಿ. ಅದು ಅರ್ಧ ದ್ರವ, ನಿಂತಲ್ಲೇ ನಿಲ್ಲೂದಿಲ್ಲ, ತಿರುಗಿ ಬಂದು ಗೇರಿಗೆ ಹತ್ತತೈತಿ. ಅದು ಸಿಗಲಿಲ್ಲಂದ್ರ ಇಪಿ 140 ಗೇರ್ ಆಯಿಲ್ (ಇಪಿ ಅಂದ್ರ ಭಾರೀ ಒತ್ತಡ ತಡಿಯೋ ಅಂಶ ಇರೋದು). ಸೋರಿಕೆ ಕಡಿಮಿ ಇದ್ರ ಇಪಿ 90 ಸಾಕು. 400 ರಿಂದ 450 ಮಿಲಿ ಹಿಡೀತೈತಿ. ಗಾಡಿ ನೆಟ್ಟಗ ನಿಲ್ಲಿಸಿ ಲೆವಲ್ ಪ್ಲಗ್ಗಿನ ಮಟ್ಟಕ್ಕ ನಿಲ್ಲಿಸ್ರಿ. ಅದಕ್ಕಿಂತ ಹೆಚ್ಚು ಬ್ಯಾಡ.

ಇನ್ನೊಂದು, ಡಬ್ಬದ ಮ್ಯಾಲೆ ಜಿಎಲ್-4 ಅಂತ ಇರೋದನ್ನ ಆರಿಸ್ರಿ. ಜಿಎಲ್-5 ಇರೋದು ಲಾರಿ, ಜೀಪಿನ ಹೈಪಾಯ್ಡ್ ಡಿಫರೆನ್ಶಿಯಲ್ಲಿಗೆ. ಅದರಾಗ ಗಂಧಕದ ಅಂಶ ಹೆಚ್ಚು, ಬಿಸಿ ಆದಂಗ ಕಂಚಿನ ಬುಷ್ ತಿಂತೈತಿ. ಈ ಬಾಕ್ಸಿನಾಗ ಕಂಚಿನ ಬುಷ್ ಅದಾವ.

ಮತ್ತ '90' ಅಂದ್ರ 50ಕ್ಕಿಂತ ಎಷ್ಟೋ ದಪ್ಪ ಅಂತ ತಿಳೀಬ್ಯಾಡ್ರಿ. ಗೇರ್ ಆಯಿಲಿನ ಅಳತಿನೇ ಬ್ಯಾರೆ. 100 ಡಿಗ್ರಿ ಬಿಸಿಯೊಳಗ ಗೇರ್ 90 ಇರೋದು 13.5 ರಿಂದ 18.5 ಸೆಂಟಿಸ್ಟೋಕ್ಸ್ (ಆಯಿಲಿನ ದಪ್ಪದ ಅಳತಿ), ಇಂಜಿನ್ನಿನ 50 ಇರೋದು 16.3 ರಿಂದ 21.9. ಹೆಚ್ಚೂಕಡಿಮಿ ಒಂದೇ. ಹಂಗಂದ್ರ 20ಡಬ್ಲ್ಯು-50 ಯಾಕ ನಡಿಯೂದಿಲ್ಲ ಅಂತೀರಿ. ಅದನ್ನ ಬಿಸಿಯಾಗ ದಪ್ಪ ಇಡೋ ಪಾಲಿಮರ್ ಗೇರಿನ ಹಲ್ಲಿಗೆ ಸಿಕ್ಕು ತುಂಡಾಗತೈತಿ, ಆಯಿಲ್ ತೆಳ್ಳಗಾಗತೈತಿ. ಅದರ ಮ್ಯಾಲೆ ಇಪಿ ಅಂಶಾನೂ ಇಲ್ಲ. ದಾರ್ಯಾಗ ಕೈಕೊಟ್ರ ಹಾಕಿ ಮನಿ ಮುಟ್ರಿ, ಅಷ್ಟಕ್ಕ ಸೈ.

ತಿಪಟೂರು_ಥಂಪರ್:

ಪ್ರೈಮರಿಗೆ ಸುಮಾರು 420 ಮಿಲಿ. ಅಳೆದು ಹಾಕೋದಕ್ಕಿಂತ ಲೆವಲ್ ಪ್ಲಗ್ ಬಿಚ್ಚಿಟ್ಟು, ಅಲ್ಲಿಂದ ತೊಟ್ಟಿಕ್ಕೋವರೆಗೆ ಹಾಕಿ ನಿಲ್ಲಿಸೋದು ಮೇಲು. ಒಳಗೆ ಚೈನು, ಕ್ಲಚ್ಚು, ಆಲ್ಟರ್ನೇಟರ್ ಮೂರೂ ಇವೆ. ಚೈನಿನ ಕೆಳಗಿನ ಎಳೆ ಆಯಿಲ್ ಮುಟ್ಟಿದರೆ ಸಾಕು. ಹೆಚ್ಚು ಹಾಕಿದರೆ ಕ್ಲಚ್ ಪ್ಲೇಟು ಆಯಿಲಲ್ಲಿ ಈಜಾಡಿ ಜಾರುತ್ತೆ.

ಇಂಜಿನ್ನಿಗೆ ತಂದ 20ಡಬ್ಲ್ಯು-50ಯನ್ನೇ ಇಲ್ಲಿ ಧಾರಾಳವಾಗಿ ಹಾಕಬಹುದು, ಆದರೆ ಜಾಸೋ ಎಂಎ ಇರಲೇಬೇಕು. ಜಾಸೋ ಎಂಬಿ ಅಥವಾ 'ರಿಸೋರ್ಸ್ ಕನ್ಸರ್ವಿಂಗ್' ಅಂತ ಬರೆದ ಕಾರಿನ ಆಯಿಲಲ್ಲಿ ಘರ್ಷಣೆ ತಗ್ಗಿಸೋ ಅಂಶ ಇರುತ್ತೆ. ಅದು ಪ್ಲೇಟಿಗೆ ಹಿಡಿದರೆ ಕ್ಲಚ್ ಕೆಟ್ಟಂತೆ. ಅಂಗಡಿಯವರ 10ಡಬ್ಲ್ಯು-30ಯ ಡಬ್ಬದ ಹಿಂಬದಿ ಓದಿ ನೋಡಿ, ಆ ಮಾತು ಸಿಕ್ಕರೂ ಸಿಗಬಹುದು.

ಎಟಿಎಫ್ (ಆಟೊಮ್ಯಾಟಿಕ್ ಗೇರಿನ ಕಾರಿಗೆ ಹಾಕೋ ಆಯಿಲ್) ಹಾಕೋರೂ ಇದ್ದಾರೆ. ಬೆಳಗ್ಗೆ ಕ್ಲಚ್ ಅಂಟಿಕೊಂಡು ಮೊದಲ ಗೇರಿಗೆ ಧಡ್ ಅನ್ನೋ ಗಾಡಿಗೆ ಅದು ನಿಜಕ್ಕೂ ಚೆನ್ನ. ಆದರೆ ತೆಳು. ಈ ಕವರ್ ನಿಂತಿರೋದು ಸುತ್ತ ಒಂದು ರಬ್ಬರ್ ಸೀಲು, ನಡುವೆ ಒಂದು ನಟ್ಟು, ಇಷ್ಟರ ಮೇಲೆ. ಸೀಲ್ ಗಟ್ಟಿಯಾಗಿದ್ದರೆ ಎಟಿಎಫ್ ರಾತ್ರೋರಾತ್ರಿ ನೆಲಕ್ಕೆ ಇಳಿಯುತ್ತೆ. ನಟ್ಟನ್ನು ಇನ್ನೂ ಬಿಗಿ ಮಾಡಿದರೆ ಲೀಕ್ ನಿಲ್ಲಲ್ಲ, ಕವರ್ ಸೊಟ್ಟಗಾಗುತ್ತೆ. ಸೀಲ್ ಬದಲಿಸಿ. ಕವರ್ ಬಿಚ್ಚಿದಾಗಲೇ ಚೈನಿನ ಸಡಿಲ ನೋಡಿಬಿಡಿ, ನಡುವಿನಲ್ಲಿ 6 ಮಿ.ಮೀ. ಆಚೀಚೆ ಆಡಬೇಕು. ಮಲೆನಾಡ ಮಳೆಯಲ್ಲಿ ಓಡಿಸೋರು ಆಯಿಲ್ ಹಾಲಿನಂತೆ ಬೆಳ್ಳಗಾಗಿದೆಯಾ ಅಂತಲೂ ನೋಡಿ, ಆಗಿದ್ದರೆ ನೀರು ಸೇರಿದೆ.

ಬಲಗಾಲ್_ಗೇರ್:

ಮೂವರಿಗೂ ಥ್ಯಾಂಕ್ಸ್. ಎಲ್ಲ ಡ್ರೇನ್ ಮಾಡಿದೆ. ಪುಶ್‌ರಾಡ್ ಸರ್ ಹೇಳಿದ ಹಾಗೆ ಇಂಜಿನ್ ಆಯಿಲ್ ಬಹುಪಾಲು ಸಂಪಿಂದಲೇ ಬಂತು. ಆದರೆ ಪ್ರೈಮರಿಯಲ್ಲಿ 600 ಮಿಲಿ ಮೇಲೆ ಇತ್ತು. ವಾಸನೆ ಕೊಳೆತ ಮೊಟ್ಟೆ ಥರ. ಗೇರ್‌ಬಾಕ್ಸಲ್ಲಿ ಅರ್ಧಕ್ಕಿಂತ ಕಮ್ಮಿ. ಕ್ಲಚ್ ಜಾರೋದಕ್ಕೆ ಇದೇ ಕಾರಣವಾ?

ಇಂಟರ್‌ಸೆಪ್ಟರ್_ಮೈಸೂರು:

ಹೊಸ ಗಾಡಿಯವರು ಇದನ್ನು ಓದಿ ಗೊಂದಲ ಆಗೋದು ಬೇಡ. 2009ರ ಕ್ಲಾಸಿಕ್ಕಿನಿಂದೀಚೆಗಿನ ಯುಸಿಇ (ಇಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿರೋ) ಇಂಜಿನ್ನಲ್ಲಿ ಮೂರಕ್ಕೂ ಒಂದೇ ಆಯಿಲ್, 15ಡಬ್ಲ್ಯು-50, ಎಪಿಐ ಎಸ್‌ಎಲ್, ಜಾಸೋ ಎಂಎ2. ಅದರೊಳಗೆ ಗೇರ್ ಆಯಿಲ್ ಹಾಕೋ ಪ್ರಶ್ನೆಯೇ ಇಲ್ಲ. ಹಾರ್ಲೆಯವರಿಗೆ, ದೊಡ್ಡ ಟ್ವಿನ್‌ಗಳಲ್ಲಿ ಮೂರೂ ಬೇರೆ ಬೇರೆ. ಹಳೆಯ ಏರ್-ಕೂಲ್ಡ್ ಸ್ಪೋರ್ಟ್‌ಸ್ಟರ್‌ನಲ್ಲಿ ಪ್ರೈಮರಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್, ಸುಮಾರು ಒಂದು ಕ್ವಾರ್ಟ್, ಅಂದರೆ 946 ಮಿಲಿ. ಅಲ್ಲಿ ವೆಟ್ ಕ್ಲಚ್ ಕೂಡ ಅದೇ ಆಯಿಲಲ್ಲಿ ಇರೋದರಿಂದ ಬರೀ ಗೇರ್ ನೋಡಿ ಆಯಿಲ್ ಆರಿಸೋ ಹಾಗಿಲ್ಲ.

ಪುಶ್‌ರಾಡ್:

@ಬಲಗಾಲ್_ಗೇರ್, ಹೌದು, ಅದೇ. ಆ ವಾಸನೆ ಇಪಿ ಗೇರ್ ಆಯಿಲಿನದು. ಕ್ಲಚ್ ಪುಶ್‌ರಾಡ್ ಗೇರ್‌ಬಾಕ್ಸಿನ ಬಲಗಡೆಯಿಂದ ಹೊರಟು, ಟೊಳ್ಳು ಮೇನ್‌ಶಾಫ್ಟಿನೊಳಗೆ ಹಾದು, ಎಡಗಡೆ ಕ್ಲಚ್ಚಿಗೆ ತಲುಪುತ್ತೆ. ಗೇರ್‌ಬಾಕ್ಸ್ ಲೆವಲ್ ಮೀರಿ ತುಂಬಿದರೆ, ಅಥವಾ ಆಯಿಲ್ ತೀರಾ ತೆಳುವಾಗಿದ್ದರೆ, ಅದೇ ದಾರಿ ಹಿಡಿದು ಪ್ಲೇಟುಗಳ ನಡುವಿಗೇ ಬರುತ್ತೆ. ಪ್ರೈಮರಿ ಹೆಚ್ಚಾಗಿದ್ದೂ ಗೇರ್‌ಬಾಕ್ಸ್ ಇಳಿದದ್ದೂ ಎರಡೂ ಇದಕ್ಕೆ ತಾಳೆಯಾಗುತ್ತೆ. ವಾಸನೆ ಇಲ್ಲದೆ ಪ್ರೈಮರಿ ಮಾತ್ರ ಏರಿ, ಇಂಜಿನ್ ಆಯಿಲ್ ಇಳಿದಿದ್ದರೆ ಕ್ರ್ಯಾಂಕಿನ ಎಡಗಡೆ ಸೀಲ್ ಹೋಗಿದೆ ಅಂತಿದ್ದೆ.

ಈಗ ಮಾಡಬೇಕಾದ್ದು ಇಷ್ಟು. ಕ್ಲಚ್ ಪ್ಲೇಟ್ ಪೂರ್ತಿ ಬಿಚ್ಚಿ ಪೆಟ್ರೋಲಲ್ಲಿ ತೊಳೆದು, ಗಾಳಿಗೆ ಒಣಗಿಸಿ. ಫ್ರಿಕ್ಷನ್ ಪ್ಲೇಟ್ ಗಾಜಿನಂತೆ ಹೊಳೀತಿದ್ದರೆ ತೊಳೆದು ಪ್ರಯೋಜನ ಇಲ್ಲ, ಹೊಸದು ಹಾಕಿ. ಸ್ಟೀಲ್ ಪ್ಲೇಟನ್ನು ಗಾಜಿನ ಮೇಲಿಟ್ಟು ಬಾಗಿದೆಯಾ ನೋಡಿ. ಪುಶ್‌ರಾಡ್ ಎಳೆದು ಒರೆಸಿ, ಅದಕ್ಕೆ ದಪ್ಪ ಗ್ರೀಸ್ ಸವರಿ ವಾಪಸ್ ಹಾಕಿ. ಮೇಲಿನ ನಂಬರ್ 3 ಗ್ರೀಸಿಗೆ ಇಲ್ಲಿ ಮಾತ್ರ ಕೆಲಸ ಇದೆ. ಗೇರ್‌ಬಾಕ್ಸಿಗೆ ಹುಬ್ಬಳ್ಳಿಯವರು ಹೇಳಿದ 00 ಗ್ರೀಸ್, ಲೆವಲ್ ಪ್ಲಗ್ಗಿಗಿಂತ ಒಂದು ಕೂದಲೆಳೆ ಕೆಳಗೇ ನಿಲ್ಲಿಸಿ. ಕ್ಲಚ್ ಕೇಬಲಿಗೆ ಲಿವರ್ ಬಳಿ 2-3 ಮಿ.ಮೀ. ಫ್ರೀ ಪ್ಲೇ ಬಿಡಿ. ಅದಿಲ್ಲದಿದ್ದರೆ ಆಯಿಲ್ ಸರಿಯಿದ್ದರೂ ಜಾರುತ್ತೆ.

200 ಕಿ.ಮೀ. ಓಡಿಸಿ, ಗಾಡಿ ತಣ್ಣಗಾದ ಮೇಲೆ ಪ್ರೈಮರಿ ಲೆವಲ್ ಪ್ಲಗ್ ಬಿಚ್ಚಿ. ತೊಟ್ಟಿಗಿಂತ ಹೆಚ್ಚು ಬಂದು, ಅದೇ ವಾಸನೆ ಇದ್ದರೆ ಮೇನ್‌ಶಾಫ್ಟಿನ ಬುಷ್ಷೇ ಸವೆದಿದೆ ಅಂತ ಲೆಕ್ಕ, ಬಾಕ್ಸ್ ಬಿಚ್ಚಬೇಕಾಗುತ್ತೆ.