ನೀತಿ ಸಂಹಿತೆ ಜಾರಿಯಲ್ಲಿದೆ ಅಂದ್ರೆ ಯಾರ ಮೇಲೆ? ವಕೀಲರ ಜೊತೆ ಪ್ರಶ್ನೋತ್ತರ

ಚುನಾವಣಾ ನೀತಿ ಸಂಹಿತೆ ಬಗ್ಗೆ ಗುಂಪಿನಲ್ಲಿ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಗೆದ್ದವರ ಆಯ್ಕೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಚುನಾವಣಾ ತಕರಾರು ಅರ್ಜಿಗಳೇ ನನ್ನ ಮುಖ್ಯ ಕೆಲಸ. ಕೆಳಗಿನದೆಲ್ಲ ಲೋಕಸಭೆ, ವಿಧಾನಸಭೆ ಚುನಾವಣೆಗೆ ಸಂಬಂಧಿಸಿದ್ದು. ಪಂಚಾಯ್ತಿ ಚುನಾವಣೆ ರಾಜ್ಯ ಚುನಾವಣಾ ಆಯೋಗಕ್ಕೆ ಸೇರಿದ್ದು, ಅದು ಬೇರೆ.

ಪ್ರಶ್ನೆ (ತಿಪಟೂರು ಕಡೆಯ ರೈತರು): ಕಳೆದ ಚುನಾವಣೆಯಲ್ಲಿ ಕೊಬ್ಬರಿ ಮಾರಿ 1.80 ಲಕ್ಷ ತರುತ್ತಿದ್ದೆ. ಚೆಕ್‌ಪೋಸ್ಟ್ ಒಂದರಲ್ಲಿ ಹಿಡಿದುಕೊಂಡರು. 50 ಸಾವಿರಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ ಎಂದರು. ಮಗಳ ಮದುವೆ ದುಡ್ಡು ಅದು. ರೈತರಿಗೂ ನೀತಿ ಸಂಹಿತೆ ಅನ್ವಯಿಸುತ್ತದೆಯೇ?

ಉತ್ತರ: ಇಲ್ಲ. ಸಂಹಿತೆ ಇರುವುದು ವೋಟು ಕೇಳುವವರಿಗೆ ಮತ್ತು ಅಧಿಕಾರದಲ್ಲಿ ಇರುವವರಿಗೆ. ಭಾರತ ಚುನಾವಣಾ ಆಯೋಗದ ಸೂಚನೆಯಲ್ಲಿ ಆ 50 ಸಾವಿರದ ಮಿತಿ ಬರುವುದು ಅಭ್ಯರ್ಥಿ, ಅವರ ಏಜೆಂಟ್ ಅಥವಾ ಪಕ್ಷದ ಕಾರ್ಯಕರ್ತರು ಇರುವ ವಾಹನಕ್ಕೆ. ಆದರೆ ರಸ್ತೆಯಲ್ಲಿ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರ ತರಿಸುವ ವಿಷಯ.

ಮಂಡಿಯಿಂದ ಹೊರಡುವಾಗ ಮಾರಾಟದ ಬಿಲ್ಲು ಜೇಬಿನಲ್ಲಿರಲಿ. ಬ್ಯಾಂಕಿನಿಂದ ತೆಗೆದ ಹಣವಾದರೆ ಪಾಸ್‌ಬುಕ್ ಇರಲಿ. ಮದುವೆಗೆ ಅಂತಾದರೆ ಲಗ್ನಪತ್ರಿಕೆಯನ್ನೂ ಇಟ್ಟುಕೊಳ್ಳಿ. ಇಷ್ಟಾದರೂ ಹಣ ಹಿಡಿದರೆ ಜಗಳ ಮಾಡಬೇಡಿ, ಆದರೆ ರಸೀದಿ ಪಡೆಯದೆ ಅಲ್ಲಿಂದ ಕದಲಲೂ ಬೇಡಿ. ತಪಾಸಣೆಯ ವಿಡಿಯೊ ಮಾಡುವುದು ಅವರ ಕರ್ತವ್ಯ. ಯಾರ ಬಳಿ ಮೇಲ್ಮನವಿ ಸಲ್ಲಿಸಬೇಕು ಅನ್ನುವುದನ್ನು ನಿಮಗೆ ಬರಹದಲ್ಲೇ ತಿಳಿಸಬೇಕು.

ಆಮೇಲೆ ಜಿಲ್ಲಾ ಸಮಿತಿಗೆ ಹೋಗಿ. ಜಿಲ್ಲಾ ಪಂಚಾಯ್ತಿ ಸಿಇಒ, ಚುನಾವಣಾ ವೆಚ್ಚದ ನೋಡಲ್ ಅಧಿಕಾರಿ, ಜಿಲ್ಲಾ ಖಜಾನೆ ಅಧಿಕಾರಿ, ಈ ಮೂವರೇ ಆ ಸಮಿತಿ. ಹಣಕ್ಕೂ ಯಾವುದೇ ಅಭ್ಯರ್ಥಿಗೂ ಪಕ್ಷಕ್ಕೂ ನಂಟಿಲ್ಲ, ಎಫ್‌ಐಆರ್ ಕೂಡ ಇಲ್ಲ ಅಂದರೆ ಕಾರಣ ಬರೆದು ಕೂಡಲೇ ಬಿಡುಗಡೆ ಮಾಡಬೇಕು. ಎಫ್‌ಐಆರ್ ಇಲ್ಲದ ಪ್ರಕರಣವನ್ನು ಮತದಾನ ಮುಗಿದು 7 ದಿನಕ್ಕಿಂತ ಹೆಚ್ಚು ಬಾಕಿ ಇಡುವಂತಿಲ್ಲ. ಮೊತ್ತ 10 ಲಕ್ಷ ದಾಟಿದರೆ ಮಾತ್ರ ಆದಾಯ ತೆರಿಗೆ ಇಲಾಖೆಗೂ ತಿಳಿಸುತ್ತಾರೆ.

ಅದೇ ರೈತರು: ಬಿಲ್ಲಿನ ಫೋಟೊ ಮೊಬೈಲ್‌ನಲ್ಲಿದ್ದರೆ ಆಗುತ್ತಾ?

ಉತ್ತರ: ಏನೂ ಇಲ್ಲದಿರುವುದಕ್ಕಿಂತ ಮೇಲು. ಆದರೆ ಕಾಗದವೇ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಪ್ರಶ್ನೆ (ಪದವಿ ವಿದ್ಯಾರ್ಥಿನಿ, ಧಾರವಾಡ): ನೀತಿ ಸಂಹಿತೆಗೆ ಕಾನೂನಿನ ಬಲವೇ ಇಲ್ಲ ಅಂತ ಓದಿದೆ. ಹಾಗಾದರೆ ಸುಮ್ನೆ ಯಾಕೆ ಬೇಕು?

ಉತ್ತರ: ಸಂಸತ್ತು ಮಾಡಿದ ಕಾಯ್ದೆ ಅಲ್ಲ, ನಿಜ. 1960ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಪಕ್ಷಗಳೇ ಒಪ್ಪಿಕೊಂಡ ನಿಯಮಗಳಿಂದ ಇದು ಶುರುವಾಯಿತು. 1979ರಲ್ಲಿ ಆಳುವ ಪಕ್ಷಕ್ಕೆಂದೇ ಒಂದು ಭಾಗ ಸೇರಿತು. ನನ್ನ ಪ್ರಕಾರ ಇಡೀ ಸಂಹಿತೆಯ ಜೀವ ಇರುವುದು ಆ ಭಾಗದಲ್ಲಿ. ಸರ್ಕಾರಿ ಪ್ರವಾಸದ ಜೊತೆ ಪ್ರಚಾರ ಸೇರಿಸುವಂತಿಲ್ಲ, ಹೊಸ ಅನುದಾನ ಘೋಷಿಸುವಂತಿಲ್ಲ, ಶಂಕುಸ್ಥಾಪನೆ ಮಾಡುವಂತಿಲ್ಲ, ಖಜಾನೆ ಹಣದಲ್ಲಿ ಸಾಧನೆಯ ಜಾಹೀರಾತು ಕೊಡುವಂತಿಲ್ಲ. 2023ರ ನವೆಂಬರ್‌ನಲ್ಲಿ ತೆಲಂಗಾಣದಲ್ಲಿ ಚುನಾವಣೆ ಇದ್ದಾಗ ನಮ್ಮ ಕರ್ನಾಟಕ ಸರ್ಕಾರ ಅಲ್ಲಿನ ಪತ್ರಿಕೆಗಳಿಗೆ ತನ್ನ ಸಾಧನೆಯ ಜಾಹೀರಾತು ಕೊಟ್ಟಿತ್ತು. ಆಯೋಗ ಅದನ್ನು ನಿಲ್ಲಿಸಿತು.

ಬಲ ಇಲ್ಲ ಅನ್ನುವುದೂ ಅರ್ಧ ಸತ್ಯ. 2019ರ ಏಪ್ರಿಲ್‌ನಲ್ಲಿ ಭಾಷಣದ ಕಾರಣಕ್ಕೆ ಆಯೋಗ ಯೋಗಿ ಆದಿತ್ಯನಾಥ್ ಅವರನ್ನು 72 ಗಂಟೆ, ಮಾಯಾವತಿ ಅವರನ್ನು 48 ಗಂಟೆ ಪ್ರಚಾರದಿಂದ ದೂರ ಇಟ್ಟಿತು. ಸಂಹಿತೆಯಲ್ಲಿರುವ ಹಲವು ತಪ್ಪುಗಳಿಗೆ ಬೇರೆ ಕಾನೂನಿನಲ್ಲಿ ಶಿಕ್ಷೆಯೂ ಇದೆ. ಜಾತಿ, ಧರ್ಮದ ಹೆಸರಲ್ಲಿ ವೋಟು ಕೇಳಿದರೆ 1951ರ ಜನಪ್ರಾತಿನಿಧ್ಯ ಕಾಯ್ದೆಯ ಸೆಕ್ಷನ್ 123ರಲ್ಲಿ ಭ್ರಷ್ಟ ಆಚರಣೆ. ಅದು ಸಾಬೀತಾದರೆ ಗೆಲುವೇ ರದ್ದು. ಅದಕ್ಕೆ ತಕರಾರು ಅರ್ಜಿಯನ್ನು ಆ ಕ್ಷೇತ್ರದ ಮತದಾರರೂ ಹಾಕಬಹುದು, ಆದರೆ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು. 46ನೇ ದಿನ ಬಂದರೆ ನಾವು ಏನೂ ಮಾಡಲಾಗದು.

ಪ್ರಶ್ನೆ (ಗೃಹಿಣಿ, ದಾವಣಗೆರೆ): ನಮ್ಮ ಬೀದಿಯಲ್ಲಿ ರಾತ್ರಿ ಕುಕ್ಕರ್ ಹಂಚುತ್ತಾರೆ. ದೂರು ಕೊಟ್ಟರೆ ನಮ್ಮ ಹೆಸರು ಗೊತ್ತಾಗಲ್ವಾ?

ಉತ್ತರ: ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಹೆಸರು ಹೇಳದೆ ದೂರು ಕೊಡಬಹುದು. ಆ್ಯಪ್ ತೆರೆದು ಸ್ಥಳದಲ್ಲೇ ಫೋಟೊ ಅಥವಾ ಚಿಕ್ಕ ವಿಡಿಯೊ ತೆಗೆಯಬೇಕು, ಗ್ಯಾಲರಿಯಲ್ಲಿರುವ ಹಳೆಯದು ಹೋಗುವುದಿಲ್ಲ. ಜಾಗವನ್ನು ಅದೇ ಗುರುತಿಸುತ್ತದೆ. 100 ನಿಮಿಷದೊಳಗೆ ಕ್ರಮ ಆಗಬೇಕು ಅನ್ನುವುದು ಅದರ ನಿಯಮ. ಮಹಡಿ ಮೇಲಿಂದ ತೆಗೆಯಿರಿ, ಎದುರಿಗೆ ನಿಲ್ಲಬೇಡಿ. ಇನ್ನೊಂದು ಮಾತು: ವೋಟಿಗಾಗಿ ಕೊಡುವುದರ ಜೊತೆ ತಗೊಳ್ಳುವುದೂ ಲಂಚವೇ. ಐಪಿಸಿ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 173ರಲ್ಲಿ ಒಂದು ವರ್ಷದವರೆಗೆ ಜೈಲು ಇದೆ. 2023ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ನಗದು, ಮದ್ಯ, ಉಡುಗೊರೆ ಎಲ್ಲ ಸೇರಿ 375 ಕೋಟಿ ರೂಪಾಯಿಗೂ ಹೆಚ್ಚು ಮೌಲ್ಯದ್ದು ಸಿಕ್ಕಿಬಿದ್ದಿತ್ತು. 2018ರಲ್ಲಿ ಅದು 84 ಕೋಟಿಯಷ್ಟಿತ್ತು.

ಪ್ರಶ್ನೆ: ಚರಂಡಿ ಕೆಲಸ ಅರ್ಧಕ್ಕೆ ನಿಂತಿದೆ. ಕೇಳಿದರೆ "ನೀತಿ ಸಂಹಿತೆ ಇದೆ" ಅಂತಾರೆ.

ಉತ್ತರ: ಚುನಾವಣೆ ಘೋಷಣೆಗೆ ಮೊದಲೇ ಸ್ಥಳದಲ್ಲಿ ಶುರುವಾದ ಕೆಲಸ ನಿಲ್ಲಿಸಬೇಕಿಲ್ಲ. ಯಾವ ಸೂಚನೆಯಡಿ ನಿಲ್ಲಿಸಿದಿರಿ ಎಂದು ಬರಹದಲ್ಲಿ ಕೇಳಿ. ಆದಾಯ, ಜಾತಿ ಪ್ರಮಾಣಪತ್ರಕ್ಕೂ ಇದೇ ನೆಪ ಹೇಳುವವರಿದ್ದಾರೆ. ಅದಕ್ಕೂ ಸಂಹಿತೆಗೂ ಸಂಬಂಧವೇ ಇಲ್ಲ.

ಪ್ರಶ್ನೆ (ಸುಳ್ಯದ ಅಡಿಕೆ ಬೆಳೆಗಾರರು): ತೋಟಕ್ಕೆ ಮಂಗ, ಹಂದಿ ಕಾಟ. ಪ್ರತಿ ಚುನಾವಣೆಗೂ ಲೈಸೆನ್ಸ್ ಇರುವ ಕೋವಿ ಠಾಣೆಗೆ ಒಪ್ಪಿಸಬೇಕಾ?

ಉತ್ತರ: ಎಲ್ಲರೂ ಒಪ್ಪಿಸಲೇಬೇಕು ಅಂತ ಆಯೋಗ ಹೇಳಿಲ್ಲ. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕವರು, ಹೀಗೆ ಒಬ್ಬೊಬ್ಬರ ವಿಚಾರ ನೋಡಿ ಜಿಲ್ಲೆಯ ಪರಿಶೀಲನಾ ಸಮಿತಿ ತೀರ್ಮಾನಿಸಬೇಕು. ಬೆಳೆ ರಕ್ಷಣೆಗೆ ಕೋವಿ ಬೇಕು ಎಂದು ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ. ಆರ್‌ಟಿಸಿ (ಪಹಣಿ), ಲೈಸೆನ್ಸ್ ಪ್ರತಿ, ಬೆಳೆ ಹಾನಿಯ ಫೋಟೊ ಲಗತ್ತಿಸಿ. ಅರ್ಜಿ ತಲುಪಿದ ಸ್ವೀಕೃತಿ ಮರೆಯದೆ ಪಡೆಯಿರಿ, ಕೋರ್ಟಿಗೆ ಹೋಗಬೇಕಾದರೆ ಮೊದಲು ಕೇಳುವುದೇ ಅದನ್ನು.