ಕೊರತೆ ಶೇ 3ರೊಳಗಿದ್ದರೆ ನಿಶ್ಚಿಂತೆಯೇ?

ಪ್ರಶ್ನೆ: ಮೂಡಿಗೆರೆ ಬೆಳೆಗಾರ

2025–26ರ ರಾಜ್ಯ ಬಜೆಟ್‌ನ ಗಾತ್ರ ಸುಮಾರು 4.09 ಲಕ್ಷ ಕೋಟಿ ರೂಪಾಯಿ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 2.95ರಷ್ಟಿದ್ದು, ಶೇ 3ರ ಮಿತಿಯೊಳಗೇ ಇದೆಯೆಂದು ಸಮಾಧಾನ ಹೇಳಲಾಗುತ್ತಿದೆ. ಆದರೆ ಅದೇ ಬಜೆಟ್‌ನಲ್ಲಿ 19 ಸಾವಿರ ಕೋಟಿ ಮೀರಿದ ರಾಜಸ್ವ ಕೊರತೆಯೂ ಇದೆ. ಇವೆರಡರಲ್ಲಿ ನಾವು ಯಾವುದಕ್ಕೆ ಅಂಜಬೇಕು?

ಉತ್ತರ: ನಿವೃತ್ತ ಉಪನ್ಯಾಸಕ, ಹಾಸನ

ಎರಡನೆಯದಕ್ಕೆ. ಕಾಫಿ ತೋಟದ ಲೆಕ್ಕದಲ್ಲಿ ಹೇಳುವುದಾದರೆ, ಸಾಲ ತಂದು ಕೆರೆ ತೆಗೆಸಿ ಸ್ಪ್ರಿಂಕ್ಲರ್ ಹಾಕಿಸಿದವನಿಗೆ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷವೂ ಫಸಲು ಉಳಿಯುತ್ತದೆ, ಆ ಫಸಲೇ ಕಂತು ಕಟ್ಟುತ್ತದೆ; ಸಾಲ ತಂದು ಆಳುಗಳ ವಾರದ ಕೂಲಿ ಬಟವಾಡೆ ಮಾಡಿದವನಿಗೆ ಮುಂದಿನ ವಾರವೂ ಸಾಲವೇ ಗತಿ. ವಿತ್ತೀಯ ಕೊರತೆಯು ವರ್ಷಕ್ಕೆ ಎಷ್ಟು ಸಾಲ ಬೇಕೆಂದು ತಿಳಿಸುತ್ತದೆಯೇ ಹೊರತು ಅದು ಕೆರೆಗೆ ಹೋಯಿತೋ ಬಟವಾಡೆಗೆ ಹೋಯಿತೋ ಎಂಬುದನ್ನಲ್ಲ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಂಥ ನಿತ್ಯದ ಖರ್ಚಿಗೇ ವರಮಾನ ಸಾಲದಾದಾಗ ಹುಟ್ಟುವುದು ರಾಜಸ್ವ ಕೊರತೆ. ಕೇಂದ್ರಕ್ಕಿಂತ ಮೊದಲೇ, 2002ರಲ್ಲಿ, ಕೊರತೆ, ಸಾಲಗಳಿಗೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ರಾಜ್ಯ ನಮ್ಮದು. 2004–05ರಿಂದ ಕೋವಿಡ್ ಬರುವ ತನಕ ಇಲ್ಲಿ ರಾಜಸ್ವ ಹೆಚ್ಚುವರಿಯೇ ಇತ್ತು, ಅಂದರೆ ನಿತ್ಯದ ಖರ್ಚು ಕಳೆದೂ ವರಮಾನ ಉಳಿಯುತ್ತಿತ್ತು. ಆ ಶಿಸ್ತು ಸಡಿಲವಾಗಿರುವುದೇ ನನ್ನ ಆತಂಕ.

ಉತ್ತರ: ಸಕಲೇಶಪುರದ ಓದುಗ

ಮೇಷ್ಟರೇ, ಹೋಲಿಕೆ ಚೆನ್ನಾಗಿದೆ, ಆದರೆ ಬಟವಾಡೆ ಮಾಡದೆ ಯಾವ ತೋಟ ನಡೆದೀತು? ಗೃಹಲಕ್ಷ್ಮಿಯ 2,000 ರೂಪಾಯಿ ತೋಟದ ಆಳುಗಳು ವಾಸಿಸುವ ನಮ್ಮ ಲೈನ್ ಮನೆಗಳ ಹೆಂಗಸರ ಕೈಯಿಂದ ಸಂತೆಯ ಅಕ್ಕಿ, ಎಣ್ಣೆ, ಮಕ್ಕಳ ಚಪ್ಪಲಿಗೆ ಹೋಗುವುದನ್ನು ನಾನು ಕಣ್ಣಾರೆ ಕಾಣುತ್ತೇನೆ. ಆ ಹಣದ ಒಂದು ಪಾಲು ಜಿಎಸ್‌ಟಿಯಾಗಿ ಸರ್ಕಾರಕ್ಕೇ ಮರಳುತ್ತದೆ. ಇನ್ನು ವರಮಾನದ ಕಡೆ ನೋಡಿ: ಕೇಂದ್ರ ತೆರಿಗೆಗಳಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು, ಈ ಹಂಚಿಕೆಯನ್ನು ಶಿಫಾರಸು ಮಾಡುವ ಹಣಕಾಸು ಆಯೋಗಗಳ ಪೈಕಿ 14ನೆಯದರ ಕಾಲದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಕೇಂದ್ರ ತೆರಿಗೆಯ ಮೇಲೆ ಹೆಚ್ಚುವರಿಯಾಗಿ ಹಾಕುವ ಸೆಸ್ ಮತ್ತು ಸರ್‌ಚಾರ್ಜ್‌ಗಳಂತೂ ಹಂಚಿಕೆಗೇ ಬರುವುದಿಲ್ಲ.

ಉತ್ತರ: ನಿವೃತ್ತ ಉಪನ್ಯಾಸಕ, ಹಾಸನ

ಪಾಲು ಇಳಿದದ್ದು ಅನ್ಯಾಯವೆಂಬುದನ್ನು ಒಪ್ಪುತ್ತೇನೆ. ಆದರೆ ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಕ್ಕೇ ಕೊಟ್ಟಿದೆಯಲ್ಲವೇ? ಆ ಮಾತನ್ನು ಮಲೆನಾಡಿನಲ್ಲಿ ಯಾರೂ ಎತ್ತುವುದಿಲ್ಲ.

ಉತ್ತರ: ಮೂಡಿಗೆರೆ ಬೆಳೆಗಾರ

ಎತ್ತುವವರು ಯಾರು, ಎತ್ತಿದರೆ ಕಟ್ಟಬೇಕಾದವರು ನಾವೇ ತಾನೇ! ಕಾಫಿ ಬೆಳೆದು, ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ತೆಗೆಸಿ ಬೀಜ ಹಸನು ಮಾಡಿಸಿ, ಮಾರಿದರೆ ಲಾಭದ ಶೇ 25 ಭಾಗ ಕೇಂದ್ರದ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ನಾನು ಚೆರ್ರಿಯನ್ನು, ಅಂದರೆ ಕಾಫಿ ಹಣ್ಣನ್ನು, ಒಣಗಿಸಿ ಹಾಗೆಯೇ ವ್ಯಾಪಾರಿಗೆ ಕೊಡುವವನಾದ್ದರಿಂದ ಅದೂ ಇಲ್ಲ. ಸೋಪು ಕೊಳ್ಳುವಾಗ ನಮ್ಮ ತೋಟದ ಆಳು ಕಟ್ಟುವಷ್ಟೇ ತೆರಿಗೆ ನನ್ನದೂ.